ಪಾಟಿಯ ಮೇಲಿನ ಹೆಸರು

"ನಿನ್ನ ಗಂಡನ ಹೆಸರು ಬರಿಯವ್ವಾ" ಎಂದು ಪರೀಕ್ಷೆಯ ಸಾಹೇಬರು ಎರಡನೇ ಸಲ ಹೇಳಿದಾಗಲೂ ಆದೆಮ್ಮನ ಬಳಪ ಪಾಟಿಗೆ ತಾಗಲಿಲ್ಲ. ಮಾನ್ವಿಯ ಹೆಂಗಸರ ಶಾಲೆಯಲ್ಲಿ ಯಾರ್ಯಾರಿಗೆ ಅಕ್ಷರ ಹತ್ತಿದೆ ಎಂದು ನೋಡಲು ರಾಯಚೂರಿನಿಂದ ಬಂದಿದ್ದ ಅವರು, 'ಬರುವುದಿಲ್ಲ' ಎಂದು ಗುರುತು ಹಾಕಲು ಪೆನ್ಸಿಲ್ ಎತ್ತಿದರು.

"ತಡೀರಿ ಸಾಹೇಬ್ರ. ನಮ್ಮ ಹೆಣ್ಮಕ್ಕಳು ಗಂಡನ ಹೆಸರು ಬಾಯಿಲೆ ಹೇಳೂದಿಲ್ರಿ" ಎಂದರು ಪಾಠ ಹೇಳುವ ಅಹಲ್ಯಾಬಾಯಿ. ಆಮೇಲೆ ಬಗ್ಗಿ ಮೆಲ್ಲಗೆ, "ಆದೆಮ್ಮಾ, ಬರದ್ರ ಹೇಳಿದಂಗ ಆಗೂದಿಲ್ಲವ್ವಾ" ಎಂದರು.

ಆದೆಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಪಾಟಿಯ ತುಂಬ ದೊಡ್ಡದಾಗಿ ಬರೆದಳು: ಅಮರಪ್ಪ. ಜರ್ಮನ್ ಯುದ್ಧ ಶುರುವಾದ ವರ್ಷ ಸೊಲ್ಲಾಪುರದ ಗಿರಣಿಗೆಂದು ಹೋದವನು ಏಳು ವರ್ಷದಲ್ಲಿ ಒಂದು ಕಾಗದವನ್ನೂ ಹಾಕಿರಲಿಲ್ಲ. ಅವನಿದ್ದಾಗಲೂ ಹೋದ ಮೇಲೂ ಅವಳ ನಾಲಿಗೆಗೆ ಬಾರದ ಹೆಸರು ಈಗ ಅವಳ ತೊಡೆಯ ಮೇಲೆ, ಅವಳದೇ ಸೊಟ್ಟ ಅಕ್ಷರದಲ್ಲಿ ಬೆಳ್ಳಗೆ ಕೂತಿತ್ತು.

"ಶಾಬಾಸ್! ಅದನ್ನ ಒರಸಿ ಊರ ಹೆಸರು ಬರಿ. ಅದೂ ಬಂತಂದ್ರ ಪಾಸ್" ಎಂದರು ಸಾಹೇಬರು.

ಅಹಲ್ಯಾಬಾಯಿ ಒದ್ದೆ ಅರಿವೆ ಮುಂದೆ ಹಿಡಿದರು. ಆದೆಮ್ಮ ಪಾಟಿಯನ್ನು ಎರಡೂ ಕೈಯಿಂದ ತನ್ನತ್ತ ಎಳೆದುಕೊಂಡಳು.

"ಒರಸಂಗಿಲ್ರಿ ಯಪ್ಪಾ. ನಾಪಾಸಂತ ಬರಕೊಳ್ರಿ."