ಒಂಬತ್ತನೆಯ ಬಿಲ್ಲೆ

ಬೆಳಿಗ್ಗೆ ಹತ್ತೂಕಾಲಿಗೆ ಮೌನೇಶಾಚಾರಿ ಆ ವಾರದ ಒಂಬತ್ತನೆಯ ಬಿಲ್ಲೆಯನ್ನೂ ರದ್ದಿ ತಟ್ಟೆಗೆ ಹಾಕಿದರು.

ಪ್ರಯೋಗಾಲಯದಲ್ಲಿ ದ್ರವ ಸೋಸುವ ಬಿಲ್ಲೆಗಳು ಅವು. ಬೆಣಚುಕಲ್ಲಿನ ಪುಡಿಗೆ ಜೇಡಿ ಬೆರೆಸಿ ಕುಲುಮೆಯಲ್ಲಿ ಹದವಾಗಿ ಸುಟ್ಟರೆ ಕಣಗಳ ನಡುವೆ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಬಿಸಿ ಮಿತಿಮೀರಿದರೆ ಮುಚ್ಚಿಹೋಗುತ್ತವೆ. ಬಿಲ್ಲೆಯನ್ನು ಕೊಳವೆಯ ತುದಿಗೆ ಕೂರಿಸಿ, ನೀರಿನಲ್ಲಿ ಅದ್ದಿ, ಬಾಯಿಂದ ಊದಿ ನೋಡುವುದು ಆಚಾರಿಯವರ ಪದ್ಧತಿ. ಗುಳ್ಳೆ ಎದ್ದರೆ ಪಾಸು.

ಇಪ್ಪತ್ತೆಂಟು ವರ್ಷ ಮೂಗಿಗೆ ಬಟ್ಟೆಯನ್ನೂ ಕಟ್ಟದೆ ಆ ಪುಡಿಯನ್ನು ಅರೆದು ಜರಡಿ ಹಿಡಿದವರಿಗೆ ಹೀಗೆ ಸಾಲಾಗಿ ಕೆಟ್ಟದ್ದು ಇದೇ ಮೊದಲು. ಇನ್ನೊಂದು ಕೆಟ್ಟರೂ ಕುಲುಮೆ ಮುಚ್ಚಿ, ಬಿಲ್ಲೆಗಳನ್ನು ಹೊರಗಿನಿಂದ ತರಿಸುವುದಾಗಿ ಪ್ರಯೋಗಾಲಯದ ಸಾಹೇಬರು ಹೇಳಿದ್ದರು.

"ಕುಲುಮೆ ಸತ್ತಿದೆ ಮೇಡಂ. ಬೀಗ ಹಾಕಿಸಿಬಿಡಿ," ಎಂದರು ಆಚಾರಿ, ಮಾತಿನ ನಡುವೆ ಉಸಿರಿಗಾಗಿ ಎರಡು ಸಲ ನಿಂತು.

"ಮನೆಯವರಿಗಿಂತ ಚೆನ್ನಾಗಿ ಅದನ್ನ ನೋಡ್ಕೊಂಡಿದ್ದೀರಿ. ಅದ್ಯಾಕೆ ಸಾಯುತ್ತೆ ಆಚಾರ್ರೇ?" ಬಿಲ್ಲೆ ಒಯ್ಯಲು ಬಂದಿದ್ದ ರಸಾಯನ ವಿಭಾಗದ ಸುಗುಣಾ ನಕ್ಕಳು.

"ನಂಬಿಕೆ ಇಲ್ದಿದ್ರೆ ನೀವೇ ಊದಿ ನೋಡಿ. ಕೆನ್ನೆ ನೋಯುತ್ತೆ, ಅಷ್ಟೇ."

ಸುಗುಣಾ ಕೊಳವೆಯನ್ನು ಒರೆಸಿಕೊಂಡು ಹಗುರವಾಗಿ ಊದಿದಳು. ಹಾಲು ಉಕ್ಕುವಾಗಿನಂತೆ ನೀರಿನ ತುಂಬ ಗುಳ್ಳೆ ಎದ್ದವು.

ಆಚಾರಿ ತಟ್ಟೆಯಿಂದ ಇನ್ನೊಂದು ಬಿಲ್ಲೆ ಎತ್ತಿಕೊಟ್ಟರು. ಆಮೇಲೆ ಮತ್ತೊಂದು.

ಹನ್ನೊಂದು ಗಂಟೆಗೆ, ಅವಳು ಊದಿದ ಒಂಬತ್ತೂ ಬಿಲ್ಲೆಗಳು ಪಾಸಾಗಿದ್ದವು.