ನನ್ನ ಪಾಲು

ಐಸ್ ಪೆಟ್ಟಿಗೆಯಲ್ಲಿ ಆರು ಸೀಸೆ ಇರಬೇಕಿತ್ತು. ಐದೇ ಇದ್ದವು. ಪ್ರಯೋಗಾಲಯದ ಸಹಾಯಕಿ ಮೇಜಿನ ಕೆಳಗೆಲ್ಲ ತಡಕಿದಳು. ಮಧ್ಯಾಹ್ನ, ತಾನು ಮನೆಯಲ್ಲಿ ಮರೆತು ಬಂದಿದ್ದ ಕನ್ನಡಕ ಕೊಡಲು ಬಂದಿದ್ದ ಅಮ್ಮ ಇದೇ ಮೇಜಿಗೆ ಒರಗಿ ಕೂತಿದ್ದು ನೆನಪಾಯಿತು.

"ಇದೇನೇ, ಚಿಟಿಕೆ ಪುಡಿಗೆ ಇಷ್ಟು ಕಾವಲು?" ಎಂದು ಅಮ್ಮ ಕೇಳಿದ್ದಳು.

"ಮಣ್ಣಿನಲ್ಲಿರೋ ಸೂಕ್ಷ್ಮಜೀವಿಯಿಂದ ತೆಗೆದದ್ದಮ್ಮ. ಪ್ರೋಟೀನಿಗೆ ಸಕ್ಕರೆ ಅಂಟದ ಹಾಗೆ ತಡೆಯುತ್ತೆ."

"ಹಾಗಾದ್ರೆ ನಮ್ಮಂಥ ಸಕ್ಕರೆಯವರಿಗೂ ಆಗುತ್ತೆ ಅನ್ನು."

ನಿದ್ದೆಗೆಟ್ಟು ಬಂದಿದ್ದ ಮಗಳು ತಲೆಯೆತ್ತದೆ 'ಹೂಂ' ಅಂದಿದ್ದಳು. ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆಯೊಂದಿಗೆ ಏಗುತ್ತಿದ್ದ ಅಮ್ಮನಿಗೆ ಅಷ್ಟು ಸಾಕಾಗಿತ್ತು. ಜೀವಕೋಶ ತನ್ನ ಪ್ರೋಟೀನಿಗೆ ಸಕ್ಕರೆ ಪೋಣಿಸಿಕೊಂಡೇ ಬದುಕುವುದು, ಈ ಪುಡಿಯಿಂದ ಅದು ತಪ್ಪಿದ ಪ್ರಯೋಗದ ಇಲಿಗಳು ಒಂದೊಂದಾಗಿ ಸತ್ತುಬಿದ್ದವು ಎಂಬುದೆಲ್ಲ ಆ 'ಹೂಂ'ನಲ್ಲಿ ಎಲ್ಲಿತ್ತು?

ಫೋನು ಎತ್ತುವವರಿಲ್ಲ. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿ ಬಂದಳು. ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದಳು.

"ಅಮ್ಮಾ, ಆ ಪುಡಿ ಕುಡಿದ್ಯಾ? ನಿಜ ಹೇಳು, ಕುಡಿದ್ಯಾ?"

"ಏನೇ ಇದು, ದೆವ್ವ ಬಡಿದವಳ ಹಾಗೆ! ಹೊಟ್ಟೆಗೆ ಏನೂ ಬಿದ್ದಿಲ್ಲ, ಊಟ ಆದ್ಮೇಲೆ ತಗೊಳ್ಳೋಣ ಅಂತಿದ್ದೆ. ನೋಡಲ್ಲಿ, ನನ್ನ ಪಾಲು ಮುಚ್ಚಿಟ್ಟಿದೀನಿ."

ಮಗಳಿಗೆ ನಗುವೋ ಅಳುವೋ, ಎರಡೂ ಒಟ್ಟಿಗೇ ಬಂದವು. ಲೋಟದ ಮೇಲಿನ ತಟ್ಟೆ ಸರಿಸಿದಳು. ಒಳಗೆ ಪುಡಿ ಕದಡಿದ ನೀರು ಅರ್ಧವಿತ್ತು. ಕೈ ಅಲ್ಲೇ ನಿಂತಿತು.

"ನಿನ್ನ ಪಾಲು ಅಂದ್ರೆ?"

"ಮೇಲಿನ ಮನೆ ಹೊಲಿಗೆ ಅಕ್ಕನಿಗೂ ಸಕ್ಕರೆ ಅಲ್ವೇನೇ? ಪಾಪ, ಕಾಲಿನ ಹುಣ್ಣು ಮಾಯ್ತಾನೇ ಇಲ್ಲ. ಒಳ್ಳೇದನ್ನ ಒಬ್ಬಳೇ ನುಂಗೋಕಾಗುತ್ತಾ? ನಿನ್ನ ಹೆಸರು ಹೇಳಿದ್ದೇ ತಡ, ಗಟಗಟ ಕುಡಿದ್ಳು. ಮಗಳು ಅಂದ್ರೆ ಹೀಗಿರಬೇಕು ಅಂದ್ಳು."

"ಯಾವಾಗ?"

"ಆಗಲೇ ಎರಡು ಗಂಟೆ ಆಯ್ತಪ್ಪ."

ಮಗಳು ಆಂಬ್ಯುಲೆನ್ಸಿನ ನಂಬರು ಒತ್ತಿದಳು. ಚಪ್ಪಲಿಯಿಲ್ಲದೆ ಮೆಟ್ಟಿಲ ಕಡೆ ಓಡಿದವಳ ಬೆನ್ನಿಗೆ ಅಮ್ಮ ಕೂಗಿ ಹೇಳಿದಳು:

"ಹೋಗ್ತಿರೋದು ಹೋಗ್ತಿದೀಯ, ಸಕ್ಕರೆ ಎಷ್ಟು ಇಳೀತು ಅಂತ ಕೇಳ್ಕೊಂಡು ಬಾರೇ!"