ಕೊಂಡು ತಂದ ಜಿರಳೆ

ಇಪ್ಪತ್ತೆರಡು ವರ್ಷದಿಂದ ಮನೆಮನೆಗೆ ಹೋಗಿ ಜಿರಳೆಗೆ ಔಷಧಿ ಹೊಡೆಯುವುದೇ ಕಸುಬಾಗಿದ್ದವನು ಆ ಬೆಳಿಗ್ಗೆ ಸಾಕುಪ್ರಾಣಿ ಅಂಗಡಿಯ ಮುಂದೆ ನಿಂತು, ಹೆಂಡ ಕೊಳ್ಳಲು ಬಂದ ಮೇಷ್ಟರ ಹಾಗೆ ಎರಡು ಸಲ ಹಿಂದೆ ತಿರುಗಿ ನೋಡಿ, "ಜೀವ ಇರೋ ಹುಳ ಬೇಕಿತ್ತು" ಎಂದ.

"ಯಾವುದಕ್ಕೆ?" ಅಂಗಡಿಯಾಕೆ ಕೇಳಿದಳು.

"ಮನೇಲಿ ಗೆಕ್ಕೊ ಇದೆ. ಅದೇ, ಸಾಕೋ ಹಲ್ಲಿ. ನನ್ನ ಹೆಂಡತಿ ಮರಿ ಮಾಡಿಸ್ತಾಳೆ. ಹೆಣ್ಣು ಇವತ್ತೋ ನಾಳೆಯೋ ಮೊಟ್ಟೆ ಇಡೋ ಹಾಗಿದೆ. ನಾಲ್ಕು ದಿನದಿಂದ ಏನೂ ತಿಂದಿಲ್ಲ."

"ಒಂದೇ ಹೆಣ್ಣಾ?"

"ಎರಡಿತ್ತು. ದೊಡ್ಡವಳು ಹೋದ್ಲು. ನನ್ನಿಂದಾನೇ."

ಆದದ್ದು ಇಷ್ಟು. ಹೋಟೆಲೊಂದರ ಅಡುಗೆಮನೆಗೆ ಎರಡನೇ ಸುತ್ತು ಔಷಧಿ ಹೊಡೆಯಲು ಹೋದಾಗ, ಮೊದಲ ಸುತ್ತಿಗೆ ಸಾಯದೆ ಉಳಿದ ಹನ್ನೆರಡು ಜಿರಳೆ ಅವನ ಕಣ್ಣಿಗೆ ಬಿದ್ದವು. ನನ್ನ ಔಷಧಿಗೇ ಜಗ್ಗದವು ಅಂದರೆ ಗಟ್ಟಿ ಮಾಲೇ ಇರಬೇಕು, ಮೊಟ್ಟೆಯಿಟ್ಟು ಸೊರಗಿದ ದೊಡ್ಡವಳಿಗೆ ಒಳ್ಳೆ ಬಾಣಂತಿ ಆರೈಕೆ ಆಯಿತು ಎಂದುಕೊಂಡು ಡಬ್ಬದಲ್ಲಿ ಹಿಡಿದು ತಂದ. ಪುಣ್ಯಾತ್ಮ, ತನ್ನ ಕೈಯಾರೆ ತಿನ್ನಿಸಿದ. ಜಿರಳೆಗಳು ಔಷಧಿಗೆ ಜಗ್ಗಿರಲಿಲ್ಲ ನಿಜ, ಆದರೆ ಔಷಧಿ ಅವುಗಳ ಮೈಯಲ್ಲೇ ಇತ್ತು. ಮೂರನೇ ದಿನ ದೊಡ್ಡವಳು ಕಾಲು ಚಾಚಿದಳು.

ಅಂದಿನಿಂದ ಒಂಬತ್ತು ದಿನ ಹೆಂಡತಿ ಅವನೊಂದಿಗೆ ಮಾತು ಬಿಟ್ಟಿದ್ದಳು. ಏನಾದರೂ ಹೇಳುವುದಿದ್ದರೆ ಗಾಜಿನ ಪೆಟ್ಟಿಗೆಯ ಮುಂದೆ ಕುಳಿತು ಉಳಿದ ಹಲ್ಲಿಗೆ ಹೇಳುತ್ತಿದ್ದಳು: "ಊಟ ತಣ್ಣಗಾಗ್ತಿದೆ, ಬೇಕಾದವರು ಬಂದು ತಿನ್ನಲಿ ಅನ್ನಮ್ಮ." ಆ ಬೆಳಿಗ್ಗೆಯೂ ಹಲ್ಲಿಗೇ ಹೇಳಿದ್ದಳು, "ಯಾರಾದ್ರೂ ಅಂಗಡಿಗೆ ಹೋಗಿ ಒಳ್ಳೇ ಹುಳ ತಂದ್ರೆ ನೀನಾದ್ರೂ ಉಳೀತೀಯ ಕಂದ." ಇವಳೂ ಹೋದರೆ ಹೆಂಡತಿ ಈ ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ ಎಂಬ ಭಯ ಅವನಿಗಿತ್ತು. ಎರಡು ದಿನದಿಂದ ಕೆಲಸಕ್ಕೂ ಹೋಗಿರಲಿಲ್ಲ.

ಅಂಗಡಿಯಾಕೆ ಎಲ್ಲ ಕೇಳಿಸಿಕೊಂಡು ಮೂಗೆಳೆದು ಅವನ ವಾಸನೆ ನೋಡಿದಳು. "ಕೈ ತೊಳ್ಕೊಂಡು ಬಂದಿದ್ದೀರಾ?"

"ಮೂರು ಸಲ ಸ್ನಾನ ಮಾಡಿದ್ದೀನಿ ತಾಯಿ. ಅಂಗೀನೂ ನನ್ನದಲ್ಲ, ಭಾವಮೈದುನಂದು."

ಆಕೆ ಒಂದೊಂದೇ ಡಬ್ಬ ಮುಂದೆ ತಳ್ಳಿದಳು. "ಇದು ಹಿಟ್ಟಿನ ಹುಳ. ಸಿಪ್ಪೆ ದಪ್ಪ, ಸೊರಗಿದ ಬಸುರಿಗೆ ಅರಗಲ್ಲ. ಇದು ಮೇಣದ ಹುಳ, ಬರೀ ಕೊಬ್ಬು. ರುಚಿ ಹತ್ತಿದ್ರೆ ಆಮೇಲೆ ಬೇರೇದು ಮೂಸೂ ನೋಡಲ್ಲ. ಇದು ಮಿಡತೆ. ಅವಳು ತಿನ್ನದೆ ಬಿಟ್ರೆ ಇವೇ ಅವಳನ್ನ ಕಚ್ತವೆ."

"ಮತ್ತೆ?"

ಆಕೆ ಕೊನೆಯ ಡಬ್ಬದ ಮುಚ್ಚಳ ತೆಗೆದಳು. ಅವನ ಬಲಗೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಔಷಧಿ ಹೊಡೆಯುವ ಪಂಪು ಇರಲಿಲ್ಲ.

"ಬೇರೆ ಏನಾದ್ರೂ ತೋರಿಸಿ," ಎಂದ.

"ನಿಮಗೆ ಹಲ್ಲಿ ಉಳೀಬೇಕೋ, ಮರ್ಯಾದೆ ಉಳೀಬೇಕೋ? ಇವು ಇಲ್ಲೇ ಹುಟ್ಟಿ ಬೆಳೆದಿದ್ದು. ಗಾಜು ಹತ್ತಲ್ಲ, ಹಾರಲ್ಲ, ನಾರಲ್ಲ."

"ಹಾಗಾದ್ರೆ ಇದನ್ನ ಯಾವ ಬಾಯಲ್ಲಿ ಜಿರಳೆ ಅಂತೀರಿ?"

"ಕ್ಯಾರೆಟ್ ಹಾಕಿ ಸಾಕಿದ್ದೀನಿ."

"ಜಿರಳೆಗೆ ಕ್ಯಾರೆಟ್ಟಾ!"

"ಜಿರಳೆ ತಿಂದದ್ದೇ ತಾನೇ ಹಲ್ಲಿ ಹೊಟ್ಟೆಗೆ ಹೋಗೋದು?"

ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಇಪ್ಪತ್ತು ಕೊಡಿ," ಎಂದ.

ಆಕೆ ಚಿಮಟ ಹಾಕಿ ಕೈಗೆ ಸಿಕ್ಕಿದ್ದನ್ನು ಎತ್ತತೊಡಗಿದಾಗ ಅವನಿಗೆ ತಡೆಯಲಾಗಲಿಲ್ಲ. "ಅದು ಬೇಡ, ಮೀಸೆ ಜೋಲು ಬಿದ್ದಿದೆ, ನಾಳೆಗೆ ಸಾಯುತ್ತೆ. ಅದು ಮುದಿ. ಆ ಮೂಲೇಲಿ ಬಿಳಿಚಿಕೊಂಡಿದೆಯಲ್ಲ, ಈಗ ತಾನೇ ಪೊರೆ ಬಿಟ್ಟಿರೋದು, ಮೆತ್ತಗಿರುತ್ತೆ, ಅದನ್ನ ಹಾಕಿ. ಹಾಂ, ಅದರ ಪಕ್ಕದ್ದೂ." ಹೀಗೆ ಇಪ್ಪತ್ತು ಆರಿಸಿದ. ಹಲ್ಲಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಅದರ ಗಂಟಲಲ್ಲಿ ಇಳಿಯುವುದಿಲ್ಲ; ಇವುಗಳಲ್ಲಿ ಒಂದೂ ಆ ಅಳತೆ ಮೀರಿರಲಿಲ್ಲ.

ಆಕೆ ಚಿಮಟ ಕೆಳಗಿಟ್ಟಳು. "ಎಷ್ಟು ವರ್ಷದಿಂದ ಸಾಕ್ತಿದ್ದೀರಿ ಜಿರಳೇನ?"

"ಸಾಕಿಲ್ಲ," ಎಂದ. "ಪರಿಚಯ ಇದೆ."

ಮನೆಯಲ್ಲಿ ಹೆಂಡತಿ ಡಬ್ಬ ಇಸಿದುಕೊಂಡಳು. ಅವನತ್ತ ನೋಡಲಿಲ್ಲ. ಒಂದು ಜಿರಳೆಯನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಪೆಟ್ಟಿಗೆಯೊಳಗೆ ಬಿಟ್ಟಳು. ಚಿಕ್ಕವಳು ಬಹಳ ಹೊತ್ತು ಅದನ್ನೇ ದಿಟ್ಟಿಸಿದಳು. ಬಾಲದ ತುದಿ ಅಲ್ಲಾಡಿತು. ಆಮೇಲೆ ಗಬಕ್ಕನೆ ಹಿಡಿದಳು. ಎರಡನೆಯದು. ಮೂರನೆಯದು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಅವನಿಗೆ ಹೋದ ಜೀವ ಬಂದಂತಾಯಿತು.

ಕಣ್ಣೊರೆಸುವ ಕೈ ತಗುಲಿ ಡಬ್ಬ ವಾಲಿತು. ಜಿರಳೆಯೊಂದು ನೆಲಕ್ಕೆ ಬಿದ್ದು ನೇರ ಅವನತ್ತ ಓಡಿ ಬಂತು. ಏನಾಗುತ್ತಿದೆ ಎಂದು ಅವನಿಗೆ ತಿಳಿಯುವ ಮೊದಲೇ ಇಪ್ಪತ್ತೆರಡು ವರ್ಷ ಪಳಗಿದ ಬಲಗಾಲು ಮೇಲೆದ್ದಿತ್ತು.

ಹೆಂಡತಿ ಉಸಿರು ಬಿಗಿ ಹಿಡಿದಳು.

ಕಾಲು ಗಾಳಿಯಲ್ಲೇ ನಿಂತಿತು. ಜಿರಳೆ ಅದರ ನೆರಳಿನಲ್ಲಿ ಒಂದು ಗಳಿಗೆ ತಡೆದು, ಮೀಸೆ ಆಡಿಸಿ, ಅವಸರವೇ ಇಲ್ಲದೆ ದಾಟಿ ಬೀರುವಿನ ಅಡಿಗೆ ಹೋಯಿತು. ಅವನು ಒಂಟಿಕಾಲಿನಲ್ಲೇ ನಿಂತಿದ್ದ.

ಒಂಬತ್ತು ದಿನದ ಮೇಲೆ ಹೆಂಡತಿ ತಲೆಯೆತ್ತಿ ಅವನ ಮುಖ ನೋಡಿದಳು.

"ನೋಡ್ಕೊಂಡು ಇಳಿಸ್ರೀ ಕಾಲು," ಎಂದಳು, "ಇನ್ನೊಂದು ಬಿದ್ದಿದೆ."